ಕನಸು ಬೀಳದ ಗಾದಿ

ಹೋದ ವಾರ ಕಲಬುರ್ಗಿಯ ಒಂದು ದೊಡ್ಡ ಗಾದಿ ಅಂಗಡಿಗೆ ಹೋಗಿದ್ದೆವು. ಹೋಗಿದ್ದೆವು ಎಂದರೆ, ನನ್ನ ಸೊಂಟ ನಮ್ಮಿಬ್ಬರನ್ನೂ ಎಳೆದುಕೊಂಡು ಹೋಗಿತ್ತು. ಡಾಕ್ಟರು ಗಾದಿ ಬದಲಿಸಿ ಎಂದಿದ್ದರು. ಯಾವ ಗಾದಿ, ಯಾವ ಅಂಗಡಿ ಎಂದು ಅವರು ಹೇಳಲಿಲ್ಲ, ಹೀಗಾಗಿ ಓಣಿಯವರೆಲ್ಲ ಹೇಳಿದರು. ಒಬ್ಬರು ನಾರಿನದು ಎಂದರು, ಒಬ್ಬರು ರಬ್ಬರಿನದು ಎಂದರು, ಇನ್ನೊಬ್ಬರು ಮೊಬೈಲಿನಲ್ಲಿ ಒತ್ತಿದರೆ ಡಬ್ಬಿಯಲ್ಲಿ ಮಡಚಿಟ್ಟ ಗಾದಿ ಮನೆಗೇ ಬರುತ್ತದೆ ಎಂದರು. ನನಗೆ ಅದು ಹಿಡಿಸಲಿಲ್ಲ. ಮುಖ ನೋಡದೆ ಗಂಡನನ್ನು ಕಟ್ಟಿಕೊಂಡವಳು ನಾನು, ಗಾದಿಯನ್ನಾದರೂ ನೋಡಿ ತರೋಣ ಎಂದೆ.

ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಹೊಸ ಬಟ್ಟೆಯದೂ ರಬ್ಬರಿನದೂ ಸೇರಿದ ಒಂದು ತಣ್ಣನೆಯ ವಾಸನೆ. ಟೈ ಕಟ್ಟಿದ ಸೇಲ್ಸ್‌ಮನ್ ಒಂದು ಗಾದಿಯ ಮೇಲೆ ಕಾಗದ ಹಾಸಿ, "ನಾಚ್ಕೋಬ್ಯಾಡ್ರಿ ಅಮ್ಮಾ, ಮಕ್ಕೊಂಡು ನೋಡ್ರಿ" ಅಂದ. ನಮ್ಮ ಯಜಮಾನರು ಬೆಲೆಯ ಚೀಟಿ ಓದುವ ನೆಪದಲ್ಲಿ ಗೋಡೆಗೆ ಮುಖ ಮಾಡಿದರು. ನನಗೆ ನಗೆ ತಡೆಯಲಾಗಲಿಲ್ಲ. ಅವನು ನನ್ನದು ನಾಚಿಕೆಯೆಂದು ತಿಳಿದ. ಸೆರಗು ತಲೆಯಿಂದ ಜಾರಿದರೆ ಊರೆಲ್ಲ ಮಾತಾಡುತ್ತಿದ್ದ ಕಾಲದಲ್ಲಿ ನನ್ನ ಸೋದರತ್ತೆಯೊಬ್ಬಳು ಚಿತ್ತಾಪುರದಿಂದ ಚಿಂಚೋಳಿಯ ತನಕ ಅಂಗಡಿ ಅಂಗಡಿಗೆ ಹೋಗಿ, ಗಾದಿಯ ಮೇಲೆ ಮಲಗಿ, ಗೊರಕೆ ಹೊಡೆದು ಬಂದಿದ್ದಳು ಎಂದು ಅವನಿಗೆ ಹೇಗೆ ತಿಳಿಯಬೇಕು? ಅವನಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಮೊದಲು ನಮ್ಮ ಕಡೆ ಗಾದಿಗೆ ಇದ್ದ ಸ್ಥಾನಮಾನ ಎಂಥದೆಂದು ನಿಮಗೆ ತಿಳಿದಿರಬೇಕು. ಸೇಡಂ, ಚಿತ್ತಾಪುರ, ಶಹಾಬಾದ ಅಂದರೆ ಕಲ್ಲಿನ ಸೀಮೆ. ನೆಲ ಅಗೆದರೆ ನೀರು ಬರುತ್ತದೆಂಬ ಭರವಸೆ ಇಲ್ಲ, ಪರಸಿ ಕಲ್ಲು ಮಾತ್ರ ಬಂದೇ ಬರುತ್ತದೆ. ನೆಲಕ್ಕೆ ಪರಸಿ, ಮಾಳಿಗೆಗೆ ಪರಸಿ, ಬಚ್ಚಲಿಗೆ ಪರಸಿ, ಕಟ್ಟೆಗೆ ಪರಸಿ. ಬೇಸಿಗೆಯಲ್ಲಿ ಆ ಕಲ್ಲಿಗೆ ನೀರು ಚಿಮುಕಿಸಿ ಬಿದ್ದುಕೊಂಡರೆ ಸ್ವರ್ಗ. ಚಳಿಗಾಲದಲ್ಲಿ ಅದೇ ಕಲ್ಲು ಹಳೆಯ ಹಗೆ ತೀರಿಸಿಕೊಳ್ಳುತ್ತದೆ. ಆಗಲೂ ನಾವು ಗಾದಿಯ ಮೊರೆ ಹೋಗುತ್ತಿರಲಿಲ್ಲ. ಕೆಳಗೊಂದು ಕೌದಿ, ಮೇಲೊಂದು ಕೌದಿ, ನಡುವೆ ಮನುಷ್ಯ. ಕೌದಿ ಎಂದರೆ ಮನೆಯವರೆಲ್ಲರ ಹಳೆಯ ಸೀರೆ ಧೋತರಗಳನ್ನು ಸೇರಿಸಿ ಹೊಲಿದದ್ದು, ಹೀಗಾಗಿ ತಣ್ಣಗಾದರೂ ಮನೆಯವರ ಜೊತೆಗೇ ಮಲಗಿದ ಹಾಗೆ.

ಗಾದಿ ಇರಲಿಲ್ಲವೆಂದಲ್ಲ. ಅವ್ವನ ಮದುವೆಯಲ್ಲಿ ಬಂದ ಒಂದು ಗಾದಿ ಜೋಳದ ಚೀಲಗಳ ಮೇಲೆ ಹಗ್ಗ ಬಿಗಿಸಿಕೊಂಡು ಸುರುಳಿಯಾಗಿ ಕೂತಿರುತ್ತಿತ್ತು. ಬೀಗರು ಬಂದಾಗ, ಮನೆಯಲ್ಲಿ ಬಾಣಂತಿ ಇದ್ದಾಗ, ಡಾಕ್ಟರು ಬಂದು ನೋಡುವಂಥ ರೋಗ ಬಂದಾಗ ಮಾತ್ರ ಅದು ಕೆಳಗಿಳಿಯುತ್ತಿತ್ತು. ಒಳಗಿನ ಅರಳೆ ಗಂಟುಗಂಟಾಗಿ ಕಡುಬಿನ ಹಾಗೆ ಆಗಿತ್ತು. ಅದರ ಮೇಲೆ ಮಲಗಿ ಎದ್ದ ಬೀಗರು ಹೆಚ್ಚು ದಿನ ಉಳಿಯುತ್ತಿರಲಿಲ್ಲ, ಆದ್ದರಿಂದ ಅಪ್ಪ ಅದನ್ನು ರಿಪೇರಿ ಮಾಡಿಸುವ ಗೋಜಿಗೆ ಹೋಗಿರಲಿಲ್ಲ. ಗಟ್ಟಿಮುಟ್ಟಾಗಿದ್ದವರು ಯಾರಾದರೂ ಗಾದಿ ಕೇಳಿದರೆ ಅವರನ್ನು ಮೈಗಳ್ಳರ ಸಾಲಿಗೆ ಸೇರಿಸಿಬಿಡುತ್ತಿದ್ದರು.

ನಮ್ಮ ಮನೆಯಲ್ಲಿ ಗಾದಿ ಕೇಳಿದ ಏಕೈಕ ವ್ಯಕ್ತಿ ನೀಲತ್ತಿ. ಅಪ್ಪನ ಅಕ್ಕ. ಕುರಕುಂಟಾಕ್ಕೆ ಕೊಟ್ಟಿದ್ದರು. ಮಕ್ಕಳಾಗುವ ಮೊದಲೇ ಗಂಡ ತೀರಿಕೊಂಡ, ತವರಿಗೆ ಬಂದಳು. ನನಗೆ ಬುದ್ಧಿ ತಿಳಿದಾಗಿನಿಂದ ಅವಳು ನಮ್ಮ ಸೇಡಂ ಮನೆಯ ಒಲೆಯ ಮುಂದೆಯೇ ಇದ್ದಳು. ಅವಳು ನಕ್ಕರೆ ಪಕ್ಕದ ಅಪ್ಪನ ಹಿಟ್ಟಿನ ಗಿರಣಿಯ ಸದ್ದನ್ನೂ ದಾಟಿ ಬೀದಿಗೆ ಕೇಳುತ್ತಿತ್ತು. ಊರಿನವರಿಗೆಲ್ಲ ಒಂದೊಂದು ಅಡ್ಡಹೆಸರು ಇಟ್ಟಿದ್ದಳು, ನನಗಿಟ್ಟದ್ದನ್ನು ಇಲ್ಲಿ ಬರೆಯಲಾರೆ. ಇಷ್ಟು ಜೀವಂತಿಕೆಯ ಹೆಂಗಸಿಗೆ ಒಂದೇ ಒಂದು ಆಸೆ ಇತ್ತು, ಅದನ್ನು ಅವಳು ಮುಚ್ಚಿಡಲೂ ಇಲ್ಲ. ಕುರಕುಂಟಾದಲ್ಲಿ ಗಂಡನ ಮನೆಯಲ್ಲಿ ಒಂದು ಒಳ್ಳೆಯ ಗಾದಿ ಇತ್ತಂತೆ. ಅದರ ಮೇಲೆ ಮಲಗಿದ ಸುಖ ಅವಳ ಬೆನ್ನಿಗೆ ನೆನಪಿತ್ತು. ಸಾಯುವುದರೊಳಗೆ ನನ್ನದೇ ಒಂದು ಗಾದಿಯ ಮೇಲೆ ದಿನಾ ಮಲಗಬೇಕು ಎಂದು ರೊಟ್ಟಿ ಬಡಿಯುತ್ತ ಬಡಿಯುತ್ತ ಹೇಳುತ್ತಿದ್ದಳು.

ಅಡ್ಡವಾಗಿದ್ದವಳು ಆಯಿ, ಅಂದರೆ ನನ್ನ ಅಜ್ಜಿ, ನೀಲತ್ತಿಯ ಸ್ವಂತ ತಾಯಿ. ಗಂಡ ಸತ್ತ ಹೆಂಗಸರು ಹೂವು, ಬಳೆ, ಗಾದಿ ಈ ಮೂರನ್ನೂ ಒಂದೇ ದಿನ ಬಿಡಬೇಕು ಎಂಬುದು ನಮ್ಮ ಮನೆಯ ಕಾನೂನು. ಯಾರು ಮಾಡಿದರೋ ಗೊತ್ತಿಲ್ಲ, ಕಾಯುತ್ತಿದ್ದವಳು ಮಾತ್ರ ಆಯಿ. ಅವಳೂ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ನಮ್ಮ ಮುತ್ಯಾನನ್ನು, ಅಂದರೆ ಅಜ್ಜನನ್ನು, ನಾನು ನೋಡಿಯೇ ಇಲ್ಲ. ಹಸಿವಿ ರುಚಿ ನೋಡಂಗಿಲ್ಲ, ನಿದ್ದಿ ಹಾಸಿಗಿ ನೋಡಂಗಿಲ್ಲ ಎಂಬ ಗಾದೆ ಆಯಿಯ ಬಾಯಲ್ಲಿ ಸದಾ ಸಿದ್ಧವಾಗಿರುತ್ತಿತ್ತು. ನೀಲತ್ತಿಯ ಬೆನ್ನು ಚಳಿಗೆ ಹಿಡಿದುಕೊಂಡು ಬೆಳಿಗ್ಗೆ ಏಳಲಾಗದೆ ಒದ್ದಾಡಿದಾಗಲೂ ಆಯಿ ಇನ್ನೊಂದು ಕೌದಿ ಕೊಟ್ಟಳೇ ಹೊರತು ಮೇಲಿದ್ದ ಗಾದಿಯ ಹಗ್ಗ ಬಿಚ್ಚಲಿಲ್ಲ.

"ಇಷ್ಟ್ ವರ್ಷ ನಾ ಕಲ್ಲಿನ ಮ್ಯಾಲ ಮಕ್ಕೊಂಡಿಲ್ಲೇನು?" ಅಂದಳು.

ಹೀಗಿರುವಾಗ ನನ್ನ ಮದುವೆ ಗೊತ್ತಾಯಿತು. ಹುಡುಗ ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ನೌಕರಿ, ಇರಲಿಕ್ಕೆ ಕ್ವಾರ್ಟರ್ಸು. ಅಂದು ಮಾತುಕತೆಗೆ ಬಂದ ಅತ್ತೆಯವರು ಭಾಳ ಸಭ್ಯರು. ನಮಗೇನೂ ಬೇಡ ಎಂದು ನಾಲ್ಕಾರು ಸಲ ಹೇಳಿ, ಏಳುವ ಹೊತ್ತಿಗೆ, ಇಬ್ಬರು ಮಲಗುವಂಥ ಒಂದು ಜೋಡಿ ಗಾದಿ ಕೊಟ್ಟರೆ ಸಾಕು, ಅಂಗಡಿಯದೇ ಇರಲಿ ಎಂದು ಮೆಲ್ಲಗೆ ಸೇರಿಸಿದರು. ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯವರು ಹೈದರಾಬಾದಿನಿಂದ ಅಂಗಡಿ ಗಾದಿ ತರಿಸಿದ್ದರಂತೆ. ಮನೆಯಂಗಳದಲ್ಲಿ ಹತ್ತಿ ಹಿಂಜುವ ಪಿಂಜಾರನನ್ನು ಕೂರಿಸಿ ಮಾಡಿಸಿದ ಗಾದಿ ಆ ಗೋಡೆಯಾಚೆಯ ಗಾದಿಯ ಮುಂದೆ ಮಂಕಾಗುತ್ತದೆಂಬ ಭಯ ಅವರಿಗೆ.

ಅವರು ಹೋದ ಮೇಲೆ ಆಯಿ ಹಣೆ ಚಚ್ಚಿಕೊಂಡಳು. ಅಂಗಡಿ ಗಾದಿ ಎಂದರೆ ಅವಳಿಗೆ ಹಾವಿನ ಬುಟ್ಟಿ ಇದ್ದ ಹಾಗೆ. ಯಾಕೆಂದರೆ ನಮ್ಮ ಕಡೆ ಯಾರಾದರೂ ಸತ್ತರೆ ಅವರು ಮಲಗಿದ ಗಾದಿಯನ್ನು ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ, ಹೊರಗೆ ಹಾಕುತ್ತಾರೆ. ಹಾಕಿದ ಗಾದಿ ಎಲ್ಲಿಗೆ ಹೋಗುತ್ತದೆ? ಯಾರೋ ಒಯ್ಯುತ್ತಾರೆ, ಅರಳೆ ಬಿಡಿಸುತ್ತಾರೆ, ಹಿಂಜುತ್ತಾರೆ, ಅದು ಮತ್ತೆ ಬೆಳ್ಳಗಾಗಿ ಅಂಗಡಿಗೆ ಬಂದು ಹೊಸ ಬಟ್ಟೆ ತೊಟ್ಟು ಕೂಡುತ್ತದೆ ಎಂದು ಆಯಿಯ ಖಚಿತ ನಂಬಿಕೆ. ಮನೆಯಲ್ಲೇ ಮಾಡಿಸಿದರೆ ಅರಳೆ ಕಣ್ಣಿಗೆ ಕಾಣುತ್ತದೆ. ಅಂಗಡಿ ಗಾದಿಯ ಹೊಟ್ಟೆಯೊಳಗೆ ಯಾವ ಸತ್ತವರ ಹತ್ತಿ ಇದೆಯೋ ಯಾರಿಗೆ ಗೊತ್ತು? ಹೊಸ ಮದುವಣಗಿತ್ತಿ ಅದರ ಮೇಲೆ ಮಲಗುವುದೆಂದರೇನು? ಅಪ್ಪ ಹಿಟ್ಟು ಮೆತ್ತಿದ ತಲೆ ಕೆರೆದುಕೊಂಡು ಗಿರಣಿಗೆ ಹೋಗಿಬಿಟ್ಟ. ಕಷ್ಟ ಬಂದಾಗ ಗಿರಣಿ ಶುರು ಮಾಡುವುದು ಅವನ ಪದ್ಧತಿ, ಆ ಸದ್ದಿನಲ್ಲಿ ಯಾರ ಮಾತೂ ಕೇಳುವುದಿಲ್ಲ.

ಆಗ ನೀಲತ್ತಿ ಒಲೆಯ ಮುಂದಿನಿಂದ ಎದ್ದು ಬಂದಳು. ಮುಖ ಗಂಭೀರ. ಆ ಮುಖ ಗಂಭೀರವಾದರೆ ಎಲ್ಲೋ ಕೆಡುಕು ಹುಟ್ಟಿದೆ ಎಂದೇ ಅರ್ಥ, ಆದರೆ ಅದು ನನಗೊಬ್ಬಳಿಗೇ ಗೊತ್ತಿತ್ತು. ಸತ್ತವರ ಹತ್ತಿಯನ್ನು ಕಂಡುಹಿಡಿಯಲು ಒಂದು ಉಪಾಯವಿದೆ, ಕುರಕುಂಟಾದಲ್ಲಿ ನಮ್ಮತ್ತೆ ಹೇಳುತ್ತಿದ್ದಳು ಎಂದು ಶುರು ಮಾಡಿದಳು. ಗಾದಿಯ ಮೇಲೆ ಬರೀ ಕೂತರೆ ತಿಳಿಯುವುದಿಲ್ಲ. ಮಲಗಬೇಕು. ಸುಮ್ಮನೆ ಮಲಗಿದರೂ ತಿಳಿಯುವುದಿಲ್ಲ, ನಿದ್ದೆ ಹತ್ತಬೇಕು. ಸತ್ತವರ ಹತ್ತಿ ಇದ್ದರೆ ಸತ್ತವರು ಕನಸಿನಲ್ಲಿ ಬಂದು ಏನಾದರೂ ಕೇಳುತ್ತಾರೆ. ಕನಸು ಬೀಳದಿದ್ದರೆ ಹತ್ತಿ ಹೊಸದು.

ಆಯಿ ಯೋಚಿಸಿದಳು. ಉಪಾಯವೇನೋ ಸರಿ, ಮಲಗುವವರು ಯಾರು? ಮದುವಣಗಿತ್ತಿ ಕೂಡದು. ಮುತ್ತೈದೆಯಾದ ಅವ್ವ ಸತ್ತವರ ಹತ್ತಿಗೆ ಮೈ ತಾಗಿಸುವುದಂತೂ ಸಾಧ್ಯವೇ ಇಲ್ಲ. ಗಂಡಸರಿಗೆ ಕನಸು ಬಿದ್ದರೂ ನೆನಪಿರುವುದಿಲ್ಲ. ಹೀಗೆ ಒಬ್ಬೊಬ್ಬರನ್ನೇ ತೆಗೆದುಹಾಕುತ್ತ ಬಂದ ಆಯಿಯ ಕಣ್ಣು ಕೊನೆಗೆ ತನ್ನ ಮಗಳ ಮೇಲೆ ನಿಂತಿತು. ನೀಲತ್ತಿ ನೆಲ ನೋಡುತ್ತ, "ನಂದೇನ್ ಹೋಗ್ತದವ್ವ ಇನ್ನ? ಹೋಗೋದೆಲ್ಲ ಹೋಗ್ಯಾದ. ನಾನೇ ಮಕ್ಕೋತೀನಿ ತಗೋ" ಅಂದಳು.

ಆ ಧ್ವನಿಯಲ್ಲಿದ್ದ ತ್ಯಾಗಕ್ಕೆ ಅವ್ವ ಕಣ್ಣೊರೆಸಿಕೊಂಡಳು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದೆಂದರೆ ಹೀಗೆ. ಗಾದಿ ಮುಟ್ಟಕೂಡದೆಂಬ ಕಾನೂನೇ ಅವಳನ್ನು ಗಾದಿಯ ಮೇಲೆ ಮಲಗಿಸಿತ್ತು.

ಚಿತ್ತಾಪುರಕ್ಕೆ ಪ್ಯಾಸೆಂಜರ್ ಗಾಡಿಯಲ್ಲಿ ಹೋದೆವು, ನಾನೂ ಅವಳೂ. ಅಂಗಡಿ ಬಜಾರದ ಮೂಲೆಯಲ್ಲಿತ್ತು. ಮಾಲಕ ಹೊಸದಾಗಿ ಮೀಸೆ ಬಂದವನು. ನೀಲತ್ತಿ ನಾಲ್ಕಾರು ಗಾದಿ ಒತ್ತಿ ನೋಡಿ, ಎಲ್ಲಕ್ಕಿಂತ ದಪ್ಪದ್ದನ್ನು ನೆಲಕ್ಕೆ ಹಾಸಲು ಹೇಳಿ, ಚಪ್ಪಲಿ ಬಿಟ್ಟು, ಗೋಡೆಯ ಕಡೆ ತಿರುಗಿ, ಮುಖದ ಮೇಲೆ ಸೆರಗೆಳೆದುಕೊಂಡು ಮಲಗಿಯೇಬಿಟ್ಟಳು. ಅವನು ಆರಾಮಿಲ್ಲವೇನ್ರಿ ಎಂದು ಗಾಬರಿಯಿಂದ ನನ್ನನ್ನು ಕೇಳಿದ. ಇಲ್ಲ, ಗಾದಿ ನೋಡುತ್ತಿದ್ದಾಳೆ ಎಂದೆ. ಅಷ್ಟರಲ್ಲಿ ಗೊರಕೆ ಶುರುವಾಯಿತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರಲ್ಲ, ಅದನ್ನು ಸಂತೆಯಲ್ಲೇ ಕಂಡವಳು ನಾನು. ಗಿರಾಕಿಗಳು ಬಂದು ಬಾಗಿಲಲ್ಲೇ ನಿಂತರು, ಒಬ್ಬರು ಮೆಲುದನಿಯಲ್ಲಿ ವ್ಯಾಪಾರ ಮಾಡಿ ಹೋದರು. ಎದ್ದ ಮೇಲೆ ನೀಲತ್ತಿ ಕಣ್ಣುಜ್ಜಿಕೊಂಡು, ಗಲ್ಲದ ತನಕ ಮೀಸೆ ಬಿಟ್ಟ ಒಬ್ಬ ಗೌಡ ಬಂದು ಬಿಸಿ ರೊಟ್ಟಿ ಕೇಳಿದ ಎಂದು ದುಃಖದಿಂದ ಸಾರಿದಳು. ಚಿತ್ತಾಪುರ ಫೇಲ್ ಆಯಿತು.

ಶಹಾಬಾದದ ಅಂಗಡಿ ಸೇಟಜಿಯದು. ಅವರು ಸಿಟ್ಟಿನವರು, ತಮ್ಮದು ನಿನ್ನೆ ಜಿನ್ನಿಂಗ್ ಮಿಲ್ಲಿನಿಂದ ಬಂದ ಹತ್ತಿ ಎಂದು ಮುಷ್ಟಿ ತುಂಬ ತೆಗೆದು ತೋರಿಸಿದರು. ನೀಲತ್ತಿ ಹತ್ತಿಯನ್ನು ಮೆಚ್ಚಿಕೊಂಡು, ಆಮೇಲೆ ಮಲಗಿದಳು. ಊಟವಾಗಿತ್ತು, ಹೊರಗೆ ಉರಿಬಿಸಿಲು, ಮೇಲೆ ಸೇಟಜಿಯ ಫ್ಯಾನು. ಆ ದಿನ ಕನಸಿನಲ್ಲಿ ಬಂದ ಮುದುಕಿ ಕಳೆದುಹೋದ ಕೋಳಿಯನ್ನು ಹುಡುಕಿಕೊಡು ಎಂದಳಂತೆ. ಸೇಟಜಿ ಕೈಮುಗಿದು ನಮ್ಮನ್ನು ಬೀಳ್ಕೊಟ್ಟರು. ಮನೆಗೆ ಬಂದ ಮೇಲೆ ಕೋಳಿಯ ವಿಷಯವನ್ನು ಆಯಿ ಮಾತ್ರ ಬಹಳ ವಿವರವಾಗಿ ವಿಚಾರಿಸಿದಳು, ಬಣ್ಣ ಯಾವುದಿತ್ತು ಎಂದೂ ಕೇಳಿದಳು.

ವಾಡಿಯ ಅಂಗಡಿ ಸ್ಟೇಷನ್ನಿನ ಹತ್ತಿರ. ಅಲ್ಲಿ ಆಗಷ್ಟೇ ಫೋಮಿನ ಗಾದಿ ಬಂದಿತ್ತು. ಅದರ ಮೇಲೆ ಕೂತ ನೀಲತ್ತಿ ಕುದುರೆ ಏರಿದವರ ಹಾಗೆ ಮೇಲೆ ಕೆಳಗೆ ಆಡಿ, ನಗು ತಡೆಯಲಾರದೆ ನನ್ನ ಕೈ ಹಿಡಿದುಕೊಂಡಳು. ಆದರೆ ಮಲಗಿದರೆ ಬೆನ್ನಿಗೆ ಸೆಕೆ. ಇಂಜಿನ್ನುಗಳ ಕೂಗಾಟ ಬೇರೆ. ಎಷ್ಟು ಹೊರಳಿದರೂ ನಿದ್ದೆ ಬರಲಿಲ್ಲ. ನಿದ್ದೆಯೇ ಬಾರದ ಮೇಲೆ ಪರೀಕ್ಷೆ ಹೇಗೆ ಎಂದು ಫೋಮನ್ನು ಬಿಟ್ಟೆವು. ಅದು ನನ್ನ ಮುಂದಿನ ಊರು, ಗಂಡನ ಕಡೆಯವರು ಯಾರಾದರೂ ನೋಡಿದರೆ ಏನು ಗತಿ ಎಂದು ನಾನು ಒಂದು ಗಾದಿ ಸುರುಳಿಯ ಹಿಂದೆ ಅಡಗಿ ನಿಂತಿದ್ದೆ.

ಬರುವಾಗ ಗಾಡಿಯಲ್ಲಿ ಕೇಳಿದೆ, ಹೀಗೆ ಎಲ್ಲವನ್ನೂ ಬಿಡುತ್ತ ಹೋದರೆ ಹೇಗತ್ತಿ ಎಂದು. ಅವಳು ಕಿಟಕಿಯಾಚೆ ತೊಗರಿ ಹೊಲ ನೋಡುತ್ತಿದ್ದಳು. ಈ ಸಲ ಮಾತ್ರ ತಮಾಷೆ ಮಾಡಲಿಲ್ಲ.

"ಮನ್ಯಾಗಂತೂ ಸಿಗಂಗಿಲ್ಲ ಮಗಳ. ಅಂಗಡ್ಯಾಗರ ಸಿಗಲಿಕತ್ತದಲ್ಲ. ನಿನ್ನ ಮದವಿ ಆತಂದ್ರ ಅದೂ ಮುಗೀತು" ಅಂದಳು.

ಅಲ್ಲಿಯ ತನಕ ನನಗೆ ಅದೆಲ್ಲ ಒಂದು ಆಟವಾಗಿತ್ತು. ನಾನು ಗಂಡನ ಮನೆಗೆ ಹೋಗುವಾಗ ಗಾದಿ ನನ್ನ ಜೊತೆಗೇ ಹೋಗುತ್ತದೆ. ಇವಳು ಮುಂದಿನ ಚಳಿಗಾಲವನ್ನೂ, ಅದರ ಮುಂದಿನದನ್ನೂ ಪರಸಿಯ ಮೇಲೆಯೇ ಕಳೆಯಬೇಕು. ಮದುವೆಯ ಸಂಭ್ರಮದಲ್ಲಿದ್ದ ಹುಡುಗಿಗೆ ಆ ವಿಚಾರ ಬಂದದ್ದು ಅದೇ ಮೊದಲು.

ಉಳಿದದ್ದು ಚಿಂಚೋಳಿ. ಬಸ್ಸು ಗುಡ್ಡ ಹತ್ತಿ ಇಳಿದು, ಕಾಡಿನ ಅಂಚು ಹಿಡಿದು ಹೋಗುವಷ್ಟರಲ್ಲಿ ಇಬ್ಬರ ಎಲುಬೂ ಸಡಿಲವಾಗಿದ್ದವು. ಚಿಂಚೋಳಿಯ ಅಂಗಡಿಯಲ್ಲಿ ಬೂರುಗದ ಹತ್ತಿಯ ಗಾದಿ ಸಿಗುತ್ತದೆಂದು ಯಾರೋ ಹೇಳಿದ್ದರು. ಮಾಲಕ ಊಟಕ್ಕೆ ಹೋಗಿದ್ದ, ಗಲ್ಲಾಪೆಟ್ಟಿಗೆಯ ಮುಂದೆ ಅವನ ಹೆಂಡತಿ ಇದ್ದಳು, ತೆಲುಗು ಬೆರೆತ ಕನ್ನಡದವಳು. ಮಲಗಿ ನೋಡಬೇಕು ಎಂದಾಗ ಅವಳು ಯಾಕೆ ಏನು ಎಂದು ಕೇಳಲೇ ಇಲ್ಲ. ನೀಲತ್ತಿಯ ಬರಿಗೈಯನ್ನೂ ಬರಿ ಹಣೆಯನ್ನೂ ಒಮ್ಮೆ ನೋಡಿ, ಒಳಗಿನ ಕೋಣೆಯಲ್ಲಿ ಜೋಡಿ ಗಾದಿ ಹಾಸಿ, ಬಾಗಿಲಿಗೆ ಒಂದು ಚಾದರ ಇಳಿಬಿಟ್ಟು, "ಪಡುಕೋ ಅಕ್ಕಾ, ಯಾರೂ ಬರಂಗಿಲ್ಲ" ಅಂದಳು.

ನೀಲತ್ತಿ ಎಡಮಗ್ಗುಲಿಗೆ ಮುದುಡಿ ಮಲಗಿದಳು. ಗೊರಕೆ ಹೊಡೆಯಲಿಲ್ಲ. ಬಸ್ಸು ಹೋಯಿತು, ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಮಾಲಕ ಊಟ ಮುಗಿಸಿ ಬಂದರೆ ಅವನ ಹೆಂಡತಿ ಅವನನ್ನೂ ಬಾಯಿ ಮುಚ್ಚಿಸಿ ಹೊರಗೆ ಕೂರಿಸಿದಳು. ಚಹಾದ ಹೊತ್ತಿಗೆ ಎಚ್ಚರವಾದಾಗ ನೀಲತ್ತಿಯ ಮುಖ ಉಬ್ಬಿ ಚಿಕ್ಕ ಹುಡುಗಿಯ ಮುಖದ ಹಾಗಾಗಿತ್ತು. ಬಸಿಯಲ್ಲಿ ಚಹಾ ಹುಯ್ದುಕೊಂಡು ಊದಿ ಊದಿ ಕುಡಿದಳು. ಈಗ ಯಾರನ್ನು ಕನಸಿಗೆ ಕರೆತರುತ್ತಾಳೋ ಎಂದು ನಾನು ಕಾಯುತ್ತಿದ್ದೆ.

"ಕನಸ್ ಬೀಳಲಿಲ್ಲ. ಇದನ್ನೇ ಕಟ್ಟಸು" ಅಂದಳು.

ಗಾದಿಯನ್ನು ಸಂಜೆಯ ಬಸ್ಸಿನ ಟಾಪಿಗೆ ಹಾಕಿಸಿ ಒಳಗೆ ಕೂತ ಮೇಲೆ, ಇನ್ನೊಂದು ಸುಳ್ಳು ಹೇಳಬಹುದಿತ್ತಲ್ಲ ಎಂದು ನಾನೇ ಜಗಳ ತೆಗೆದೆ. ಎಲ್ಲಕ್ಕಿಂತ ಒಳ್ಳೆಯದು ಸಿಕ್ಕಾಗಲೂ ಸುಳ್ಳು ಹೇಳಿದರೆ ನಿನಗೆ ಎಂಥ ಗಾದಿ ಉಳಿಯುತ್ತದೆ ಹುಚ್ಚಿ ಎಂದು ನನ್ನ ತಲೆಗೊಂದು ಮೊಟಕಿದಳು. ಅವಳ ಮೇಲೆ ನನಗೆ ಆ ಹೊತ್ತಿನಲ್ಲಿ ಹುಟ್ಟಿದ ಪ್ರೀತಿ, ಮುಂದೆ ಕಟ್ಟಿಕೊಂಡ ಗಂಡನ ಮೇಲೂ ಅಷ್ಟು ಬೇಗ ಹುಟ್ಟಲಿಲ್ಲ.

ಗಾದಿ ಮನೆಗೆ ಬಂತು. ದೇವರ ಕೋಣೆಯ ಪಕ್ಕದಲ್ಲಿ ಹಾಸಿ, ಮೇಲೆ ಬಿಳಿ ಚಾದರ ಮುಚ್ಚಿಟ್ಟರು. ಓಣಿಯ ಹೆಂಗಸರು ಬಂದು ಒತ್ತಿ ನೋಡಿ ಹೋದರು. ನೀಲತ್ತಿ ಆ ಕಡೆ ಸುಳಿಯಲೂ ಇಲ್ಲ. ಮದುವೆಗೆ ಇನ್ನೂ ಸ್ವಲ್ಪ ದಿನವಿತ್ತು. ಒಂದು ಮಧ್ಯಾಹ್ನ ಎಲ್ಲರೂ ಹಪ್ಪಳ ಹಚ್ಚುವ ಗಡಿಬಿಡಿಯಲ್ಲಿದ್ದಾಗ ನಾನು ಹೋಗಿ ಆ ಗಾದಿಯ ಬಲಮಗ್ಗುಲಿಗೆ ಬಿದ್ದುಕೊಂಡೆ. ನಿದ್ದೆ ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಚಿಟ್ಟನೆ ಚೀರಿದೆ.

ಹಪ್ಪಳದ ಹಿಟ್ಟಿನ ಕೈಯಲ್ಲೇ ಎಲ್ಲರೂ ಓಡಿಬಂದರು. ಕನಸು ಬಿತ್ತು ಎಂದು ನಡುಗುತ್ತ ಹೇಳಿದೆ. ನಾಟಕವಾಡುವುದನ್ನು ನೀಲತ್ತಿಯಿಂದಲೇ ಕಲಿತಿದ್ದೆ, ಗುರುವಿಗಿಂತ ಕಡಿಮೆ ಇರಲಿಲ್ಲ. ರುಮಾಲು ಸುತ್ತಿದ ಒಬ್ಬ ಗಂಡಸು ಬಂದಿದ್ದ, ನೀರು ಕೇಳಿದ ಎಂದೆ. ಅವ್ವ ಗೋಡೆಗೊರಗಿದಳು. ಚಿಂಚೋಳಿಯಲ್ಲಿ ನೀಲಾಗೆ ಯಾಕೆ ಬೀಳಲಿಲ್ಲ ಎಂದು ಆಯಿ ಗದರಿಸಿದಳು. ಅದಕ್ಕೂ ಉತ್ತರ ಸಿದ್ಧವಿತ್ತು. ಜೋಡಿ ಗಾದಿ, ಅತ್ತಿ ಮಲಗಿದ್ದು ಎಡಕ್ಕೆ, ನನಗೆ ಕನಸು ಬಿದ್ದದ್ದು ಬಲಕ್ಕೆ. ಅರ್ಧ ಗಾದಿಯ ಪರೀಕ್ಷೆ ಆಗಿಯೇ ಇರಲಿಲ್ಲ.

ಈಗ ಆಯಿಯ ಕಾನೂನು ಪೂರಾ ಇಕ್ಕಟ್ಟಿಗೆ ಸಿಕ್ಕಿತು. ಗಾದಿ ನನಗೆ ಬರುವಂತಿಲ್ಲ. ಮುತ್ತೈದೆಯರು ಮುಟ್ಟುವಂತಿಲ್ಲ. ಓಣಿಯವರೆಲ್ಲ ಒತ್ತಿ ನೋಡಿದ ಮಾಲನ್ನು ಅಂಗಡಿಯವನು ತಿರುಗಿ ತೆಗೆದುಕೊಳ್ಳುವುದಿಲ್ಲ. ಹೊಸ ಗಾದಿಯನ್ನು ಬೀದಿಗೆಸೆಯಲು ಅಪ್ಪ ಒಪ್ಪುವುದಿಲ್ಲ. ಹಾಗಾದರೆ ಅದರ ಮೇಲೆ ಮಲಗಬಹುದಾದವರು ಮನೆಯಲ್ಲಿ ಯಾರಿದ್ದಾರೆ? ನಾನು ನೀಲತ್ತಿಯ ಕಡೆ ನೋಡಿದೆ ಅಷ್ಟೆ. ಅವಳು ಬಾಗಿಲಲ್ಲಿ ನಿಂತು ಕೈಯ ಹಿಟ್ಟನ್ನು ಉಜ್ಜಿಕೊಳ್ಳುತ್ತಲೇ ಇದ್ದಳು, ತಲೆ ಎತ್ತಲಿಲ್ಲ. ಅವಳಿಗೆ ಎಲ್ಲ ತಿಳಿದಿತ್ತು. ಕಣ್ಣಿನಿಂದ ಎರಡು ಹನಿ ಹಿಟ್ಟಿನ ಮೇಲೆ ಬಿದ್ದವು.

ಆಯಿ ನನ್ನನ್ನು ದಿಟ್ಟಿಸಿ ನೋಡಿದಳು. ಸಿಕ್ಕಿಬಿದ್ದೆ ಎಂದುಕೊಂಡೆ. ರುಮಾಲು ಯಾವ ಬಣ್ಣದ್ದು ಎಂದು ಕೇಳಿದಳು. ಬಾಯಿಗೆ ಬಂದದ್ದು ಕೆಂಪು, ಅದನ್ನೇ ಹೇಳಿದೆ. ಎತ್ತರವೋ ಗಿಡ್ಡವೋ ಎಂದಳು. ಎತ್ತರ ಎಂದೆ. ಆಯಿ ಗಾದಿಯ ಹತ್ತಿರ ಹೋದಳು, ಬಗ್ಗಿ ಬಲಮಗ್ಗುಲನ್ನು ಅಂಗೈಯಿಂದ ಒತ್ತಿದಳು, ಇನ್ನೊಮ್ಮೆ ಒತ್ತಿದಳು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಒತ್ತಿದಳು.

"ಎಡಕ್ಕ ನೀಲಾ ಮಕ್ಕೋಲಿ" ಅಂದಳು. ಆಮೇಲೆ ಗೋಡೆಯ ಕಡೆ ನೋಡುತ್ತ, "ಬಲಕ್ಕ ಬಂದಾಂವ ನನ್ನ ಗಂಡ. ಗಂಡ ಬಂದ ಮಗ್ಗಲಿಗಿ ಬ್ಯಾರೆ ಯಾರರ ಮಕ್ಕೋತಾರೇನು? ನಾನೇ ಮಕ್ಕೋತೀನಿ" ಅಂದಳು.

ಸೇಡಂನಲ್ಲಿ ತೀರಿಕೊಂಡ ನಮ್ಮ ಮುತ್ಯಾ ಚಿಂಚೋಳಿಯ ಬೂರುಗದ ಹತ್ತಿಯೊಳಗೆ ಹೇಗೆ ಹೊಕ್ಕ ಎಂದು ಯಾರೂ ಕೇಳಲಿಲ್ಲ. ಗಿರಣಿಯಿಂದ ಬಂದ ಅಪ್ಪ ಸುದ್ದಿ ಕೇಳಿ, ತಿರುಗಿ ಗಿರಣಿಗೆ ಹೋದ.

ನನ್ನ ಗಾದಿಯ ಗತಿ ಏನಾಯಿತೆಂದು ನೀವು ಕೇಳಬಹುದು. ಮದುವೆಯ ಹಿಂದಿನ ವಾರ ನಮ್ಮೂರಿನ ಪಿಂಜಾರ ಹುಸೇನಸಾಬನನ್ನೇ ಕರೆಸಿದರು. ಅವನು ಅಂಗಳದಲ್ಲಿ ಬಿಲ್ಲು 'ಟಂಯ್ ಟಂಯ್' ಎನಿಸಿ ಹತ್ತಿ ಹಿಂಜಿ, ಅಪ್ಪ ತಂದ ಪಟ್ಟೆಪಟ್ಟೆಯ ಬಟ್ಟೆಯಲ್ಲಿ ತುಂಬಿ, ಅಂಚು ಬಿಗಿದು, ಅಚ್ಚು ಅಂಗಡಿ ಗಾದಿಯ ಹಾಗೇ ಮಾಡಿಕೊಟ್ಟ. ನಮ್ಮ ಅತ್ತೆಯವರು ಅದನ್ನು ಪಕ್ಕದ ಮನೆಯವರಿಗೆ ತೋರಿಸಿ, ಏನೇ ಅನ್ನಿ, ಅಂಗಡಿಯದು ಅಂಗಡಿಯದೇ, ಮನೆಯಲ್ಲಿ ಮಾಡಿಸಿದ್ದಕ್ಕೆ ಈ ಕಳೆ ಬರುವುದಿಲ್ಲ ಎಂದು ಇರುವ ತನಕ ಹೇಳುತ್ತಿದ್ದರು.

ಮದುವೆಯಾಗಿ ಮೊದಲ ಸಲ ತವರಿಗೆ ಬಂದಾಗ ಚಳಿಗಾಲ. ಮಧ್ಯಾಹ್ನದ ಹೊತ್ತು, ಮನೆ ಸದ್ದಿಲ್ಲದೆ ಇತ್ತು. ಒಳಗೆ ಇಣುಕಿದರೆ ನನ್ನ ಮದುವೆಗೆಂದು ತಂದ ಜೋಡಿ ಗಾದಿಯ ಮೇಲೆ ತಾಯಿ ಮಗಳು ಬೆನ್ನಿಗೆ ಬೆನ್ನು ಹಚ್ಚಿ ಮಲಗಿದ್ದರು. ಎಡಕ್ಕೆ ನೀಲತ್ತಿ, ಗಿರಣಿಗೆ ಸಮನಾಗಿ ಗೊರಕೆ. ಬಲಕ್ಕೆ ಆಯಿ, ಕುತ್ತಿಗೆಯ ತನಕ ಕೌದಿ ಎಳೆದುಕೊಂಡು ಕಣ್ಣು ಬಿಟ್ಟುಕೊಂಡಿದ್ದಳು. ಹತ್ತಿರ ಕೂತು, ಮುತ್ಯಾ ಕನಸಿನಲ್ಲಿ ಬಂದಿದ್ದನೇನು ಎಂದು ಕೇಳಿದೆ. ಕೇಳುವಾಗ ಮುಖ ಗಂಭೀರ ಮಾಡಿದ್ದೆ. ಆಯಿಯ ಮುಖ ನನಗಿಂತ ಗಂಭೀರವಾಗಿತ್ತು.

"ಇನ್ನಾ ಬಂದಿಲ್ಲವ್ವ" ಅಂದಳು. "ಬರೋತನ ಮಕ್ಕೋಬೇಕಲ್ಲ, ಏನ್ ಮಾಡೋದು."

ಅವನು ಬರಲೇ ಇಲ್ಲ. ಆಯಿ ಸಾಯುವ ತನಕ ಕಾದಳು, ಆ ಗಾದಿಯ ಮೇಲೆಯೇ. ಅವಳು ಹೋದ ಮೇಲೆ ಗಾದಿಯನ್ನು ಹೊರಗೆ ಹಾಕುವ ಮಾತು ಬಂದಾಗ ನೀಲತ್ತಿ ಬಿಡಲಿಲ್ಲ. ನನ್ನ ಹೆತ್ತವ್ವ ಕನಸಿಗೆ ಬಂದರೆ ಬರಲಿ, ನನಗೂ ಮಾತಾಡಲು ಒಬ್ಬರು ಬೇಕು ಎಂದಳು. ಈಗ ಅವಳೂ ಇಲ್ಲ.

ಈ ಕಥೆಯನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಎಲ್ಲರನ್ನೂ ನೀಲತ್ತಿಯ ಗೊರಕೆಯಿಂದಲೇ ನಗಿಸಿದ್ದೇನೆ. ಆ ದಿನ ಕಲಬುರ್ಗಿಯ ಅಂಗಡಿಯಲ್ಲಿ, ಆಯಿಯ ವಯಸ್ಸು ತಲುಪಿದ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಲಗಿದಾಗ ನನಗೆ ನೆನಪಾದವಳು ಆಯಿ. ನೀಲತ್ತಿಗಾದರೂ ಬೇಕು ಎಂದು ಕೇಳುವ ಬಾಯಿ ಇತ್ತು. ಅವಳಿಗಿಂತ ಎಷ್ಟೋ ವರ್ಷ ಹೆಚ್ಚು ಆ ಕಲ್ಲಿನ ಮೇಲೆ ಮಲಗಿದವಳಿಗೆ ಬೆನ್ನು ನೋಯುತ್ತದೇನು ಎಂದು ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ. ಕಾನೂನು ಕಾಯುವವರಿಗೆ ಬೆನ್ನು ಇರುವುದಿಲ್ಲವೆಂದೇ ನಾವೆಲ್ಲ ತಿಳಿದಿದ್ದೆವು. ನನಗೆ ಅಳು ಬಂತು.

ಸೇಲ್ಸ್‌ಮನ್ ಗಾಬರಿಯಾಗಿ, ಬಿರುಸಾಯಿತೇನ್ರಿ, ಇದಕ್ಕಿಂತ ಮೆತ್ತಗಿನದು ತೋರಿಸಲೇ ಎಂದ. ನಮ್ಮ ಯಜಮಾನರು ಇನ್ನೂ ಆ ಬೆಲೆಯ ಚೀಟಿಯನ್ನೇ ಓದುತ್ತಿದ್ದರು, ಒಂದು ಕೈ ಸೊಂಟದ ಮೇಲಿತ್ತು. ಫ್ಯಾಕ್ಟರಿಯಲ್ಲಿ ಅಷ್ಟು ವರ್ಷ ದುಡಿದ ಸೊಂಟ. ಗಾದಿ ಬೇಕೆಂದು ಹೊರಟವಳು ನಾನು, ಡಾಕ್ಟರು ನೋಡಿದ್ದು ನನ್ನನ್ನು. ಅವರ ಬೆನ್ನಿನ ಮಾತೇ ಮನೆಯಲ್ಲಿ ಎಂದೂ ಎದ್ದಿರಲಿಲ್ಲ. ನಾನು ಒಂದು ಮಗ್ಗುಲಿಗೆ ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದೆ.

"ಬರ್ರಿ, ನೀವೂ ಮಕ್ಕೋರಿ" ಅಂದೆ.

ಅವರು ಅಂಗಡಿಯನ್ನೆಲ್ಲ ಒಮ್ಮೆ ನೋಡಿದರು, ಸೇಲ್ಸ್‌ಮನ್ನನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕನ್ನಡಕ ತೆಗೆದು ಕಿಸೆಯಲ್ಲಿಟ್ಟುಕೊಂಡು ಚಪ್ಪಲಿ ಬಿಟ್ಟರು.